ಫೋಟೊ ತಿದ್ದುವ ಮುನ್ನ ಜಿಂಪ್ ಪರದೆ ಸರಿಪಡಿಸಿಕೊಳ್ಳಿ

ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಂಡ ಮದುವೆ ಫೋಟೊ ಪ್ರಿಂಟ್ ಆಗಿ ಬಂದಾಗ ಮುಖಗಳೆಲ್ಲ ಮಂಕು. ಸ್ಟುಡಿಯೊಗಳಲ್ಲಿ ಇದು ಹಳೆಯ ದೂರು. ಬೈಗುಳ ಸಾಮಾನ್ಯವಾಗಿ ಪ್ರಿಂಟರಿಗೋ ಮಾನಿಟರಿಗೋ ಬೀಳುತ್ತದೆ. ಆದರೆ ಚಿತ್ರದ ಸುತ್ತ ಕಾಣುವ ಖಾಲಿ ಜಾಗದ ಬಣ್ಣವೂ ಕಣ್ಣನ್ನು ದಾರಿ ತಪ್ಪಿಸುತ್ತದೆ ಎಂಬುದು ಅನೇಕರ ಗಮನಕ್ಕೇ ಬಂದಿರುವುದಿಲ್ಲ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಇದನ್ನು ಸರಿಪಡಿಸಲು ಹೆಚ್ಚು ಹೊತ್ತು ಬೇಡ.

ಮೊದಲು ಕಿಟಕಿಗಳ ಗೊಂದಲ ಬಗೆಹರಿಯಲಿ. ಜಿಂಪ್ ಹಿಂದೆಲ್ಲ ಚಿತ್ರಕ್ಕೊಂದು, ಸಲಕರಣೆಗೊಂದು ಎಂದು ಬಿಡಿಬಿಡಿ ವಿಂಡೋಗಳಲ್ಲಿ ತೆರೆದುಕೊಳ್ಳುತ್ತಿತ್ತು. 2012ರ 2.8 ಆವೃತ್ತಿಯಲ್ಲಿ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತರುವ ಅವಕಾಶ ಬಂತು. ನಿಮ್ಮಲ್ಲಿ ಈಗಲೂ ಚದುರಿಕೊಂಡಿದ್ದರೆ ‘ವಿಂಡೋಸ್’ ಮೆನುವಿನಲ್ಲಿ ‘ಸಿಂಗಲ್-ವಿಂಡೋ ಮೋಡ್’ಗೆ ಟಿಕ್ ಹಾಕಿ. ಒಂದೇ ಮಾನಿಟರ್ ಇರುವವರಿಗೆ ಇದೇ ಸರಿ.

ಎಡಬಲದಲ್ಲಿರುವ ಪಟ್ಟಿಗಳು ಇದ್ದಕ್ಕಿದ್ದಂತೆ ಮಾಯವಾದರೆ ಗಾಬರಿ ಬೇಡ, ಕೈ ಟ್ಯಾಬ್ ಕೀಲಿಗೆ ತಗುಲಿರುತ್ತದೆ. ಅದನ್ನೇ ಮತ್ತೊಮ್ಮೆ ಒತ್ತಿ. ಸಣ್ಣ ಲ್ಯಾಪ್‌ಟಾಪ್ ಇರುವವರು ಬೇಕೆಂದೇ ಹೀಗೆ ಮರೆಮಾಡಿ ಚಿತ್ರವನ್ನು ದೊಡ್ಡದಾಗಿ ನೋಡಬಹುದು. ಲೇಯರ್ಸ್ (ಚಿತ್ರದ ಪದರಗಳ) ಪಟ್ಟಿ ಮಾತ್ರ ಕಾಣೆಯಾಗಿದ್ದರೆ ‘ವಿಂಡೋಸ್’ ಮೆನುವಿನ ‘ಡಾಕಬಲ್ ಡೈಲಾಗ್ಸ್’ ಒಳಗೆ ಹುಡುಕಿ. ಬೇಕಾದ ಪಟ್ಟಿಯನ್ನು ಅದರ ಟ್ಯಾಬ್ ಹಿಡಿದು ಎಳೆದು ಎಲ್ಲಿ ಬೇಕಾದರೂ ಕೂರಿಸಿಕೊಳ್ಳಬಹುದು.

ಬೂದು ಹಿನ್ನೆಲೆ ಏಕೆ?

2018ರಲ್ಲಿ ಬಂದ 2.10 ಆವೃತ್ತಿ ಗಾಢ ಬಣ್ಣದ ಥೀಮ್ ತಂದಿತು. ನೋಡಲು ಚಂದ, ರಾತ್ರಿ ಕೆಲಸದಲ್ಲಿ ಕಣ್ಣಿಗೂ ಹಿತ. ತೊಡಕಿರುವುದು ಇಲ್ಲಿಯೇ. ಕಪ್ಪು ಆವರಣದ ನಡುವೆ ಇಟ್ಟ ಚಿತ್ರ ಇರುವುದಕ್ಕಿಂತ ಬೆಳಗಿ ಕಾಣುತ್ತದೆ. ‘ಬೆಳಕು ಸಾಕು’ ಎಂದು ನೀವು ಕೈಬಿಡುತ್ತೀರಿ. ಅದೇ ಚಿತ್ರ ಬಿಳಿ ಅಂಚಿನ ಕಾಗದದ ಮೇಲೆ ಬಂದಾಗ ಕಪ್ಪಿಟ್ಟಂತೆ ತೋರುತ್ತದೆ.

‘ಎಡಿಟ್’ ಮೆನುವಿನಿಂದ ‘ಪ್ರಿಫರೆನ್ಸಸ್’ ತೆರೆಯಿರಿ. ‘ಇಮೇಜ್ ವಿಂಡೋಸ್’ ಕೆಳಗಿನ ‘ಅಪಿಯರೆನ್ಸ್’ಗೆ ಹೋಗಿ, ‘ಕ್ಯಾನ್ವಾಸ್ ಪ್ಯಾಡಿಂಗ್ ಮೋಡ್’ನಲ್ಲಿ ‘ಕಸ್ಟಮ್ ಕಲರ್’ ಆರಿಸಿ. ಬಣ್ಣದ ಪೆಟ್ಟಿಗೆಯಲ್ಲಿ 777777 ಎಂದು ಬರೆದರೆ ಕೆಂಪು, ಹಸಿರು, ನೀಲಿ ಮೂರೂ ಸಮವಾಗಿರುವ ನಡುಬೂದು ಬರುತ್ತದೆ. ಸಮವಾಗಿರಲೇಬೇಕು. ಹಿನ್ನೆಲೆ ಸ್ವಲ್ಪ ನೀಲಿಗೆ ವಾಲಿದರೂ ಚರ್ಮದ ಬಣ್ಣ ಹಳದಿಯಾಗಿ ಕಂಡು, ಇಲ್ಲದ ರೋಗಕ್ಕೆ ಮದ್ದು ಮಾಡಿದಂತಾಗುತ್ತದೆ. ಪೂರ್ಣಪರದೆಗೆ ಇದೇ ಆಯ್ಕೆ ಬೇರೆಯಾಗಿದೆ. ಎಫ್11 ಒತ್ತಿ ಕೆಲಸ ಮಾಡುವವರು ಅಲ್ಲಿಯೂ ಬದಲಿಸಿ.

ಥೀಮ್, ಐಕಾನ್ ಗಾತ್ರ, ಭಾಷೆ ಎಲ್ಲ ಅದೇ ‘ಪ್ರಿಫರೆನ್ಸಸ್’ನ ‘ಇಂಟರ್‌ಫೇಸ್’ ಭಾಗದಲ್ಲಿವೆ, ಇಷ್ಟದಂತೆ ಇಟ್ಟುಕೊಳ್ಳಿ. ಒಂದು ಮಾತ್ರ ಹೇಳಬೇಕು: 2020ರ 2.10.18 ಆವೃತ್ತಿಯಿಂದ ಒಂದೇ ಬಗೆಯ ಸಲಕರಣೆಗಳು ಒಂದೇ ಗುಂಡಿಯ ಹಿಂದೆ ಅಡಗಿ ಕೂತಿವೆ. ಹಳೆಯ ಬಳಕೆದಾರರು ‘ಟೂಲ್‌ಬಾಕ್ಸ್’ನಲ್ಲಿ ‘ಯೂಸ್ ಟೂಲ್ ಗ್ರೂಪ್ಸ್’ ಟಿಕ್ ತೆಗೆದರೆ ಎಲ್ಲವೂ ಮೊದಲಿನಂತೆ ಕಣ್ಣೆದುರಿಗೆ ಬರುತ್ತವೆ.

ಚಿತ್ರದ ನಿಜವಾದ ಗಾತ್ರ

24 ಮೆಗಾಪಿಕ್ಸೆಲ್ ಫೋಟೊ ಎಂದರೆ ಸುಮಾರು 6000x4000 ಪಿಕ್ಸೆಲ್. ಅದನ್ನು 1920x1080 ಪರದೆಯಲ್ಲಿ, ಅದೂ ಪಟ್ಟಿಗಳ ನಡುವೆ ಹಿಡಿಸಿದಾಗ ನೀವು ನೋಡುತ್ತಿರುವುದು ಹೆಚ್ಚೆಂದರೆ ನಾಲ್ಕನೇ ಒಂದು ಗಾತ್ರ. ಫೋಕಸ್ ತಪ್ಪಿದ್ದರೂ, ಚುಕ್ಕೆ ಎದ್ದಿದ್ದರೂ ತಿಳಿಯದು. ಹರಿತಗೊಳಿಸುವ ಮುನ್ನ 1 ಒತ್ತಿ. ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸರಿಯಾಗಿ ಕೂರುತ್ತದೆ. ಇದಕ್ಕೆ ‘ವ್ಯೂ’ ಮೆನುವಿನ ‘ಡಾಟ್ ಫಾರ್ ಡಾಟ್’ಗೆ ಟಿಕ್ ಇರಬೇಕು. ಸ್ಪೇಸ್ ಕೀಲಿ ಒತ್ತಿಹಿಡಿದು ಮೌಸ್ ಆಡಿಸಿದರೆ ಚಿತ್ರದ ಮೂಲೆಮೂಲೆಗೂ ಹೋಗಬಹುದು. ಇಡೀ ಚಿತ್ರ ಮತ್ತೆ ಕಾಣಲು ಶಿಫ್ಟ್, ಕಂಟ್ರೋಲ್, ಜೆ ಒಟ್ಟಿಗೆ ಒತ್ತಿ.

ಎರಡು ಮಾನಿಟರ್ ಇದ್ದವರಿಗೆ ಇನ್ನೂ ಸುಲಭ. ಸಿಂಗಲ್-ವಿಂಡೋ ಮೋಡ್ ತೆಗೆದು, ‘ವ್ಯೂ’ ಮೆನುವಿನಲ್ಲಿ ‘ನ್ಯೂ ವ್ಯೂ’ ಒತ್ತಿ. ಅದೇ ಚಿತ್ರ ಇನ್ನೊಂದು ವಿಂಡೋದಲ್ಲಿ ತೆರೆಯುತ್ತದೆ. ಒಂದು ಕಡೆ ಕಣ್ಣಿನ ರೆಪ್ಪೆ ತಿದ್ದುತ್ತಿದ್ದರೆ ಇನ್ನೊಂದು ಕಡೆ ಇಡೀ ಮುಖ ಹೇಗೆ ಬದಲಾಗುತ್ತಿದೆ ಎಂಬುದು ಆಗಿಂದಾಗ್ಗೆ ಕಾಣುತ್ತಿರುತ್ತದೆ.

ಜೋಡಣೆ ಉಳಿಸುವುದು

ಸ್ಟುಡಿಯೊದ ಕಂಪ್ಯೂಟರಿಗೆ ಹಲವರು ಕೂರುತ್ತಾರೆ. ಜಿಂಪ್ ಮುಚ್ಚುವಾಗ ಪಟ್ಟಿಗಳು ಎಲ್ಲಿದ್ದವೋ ಅದನ್ನೇ ನೆನಪಿಟ್ಟುಕೊಳ್ಳುವುದರಿಂದ ನಿನ್ನೆ ಕೂತವರ ಅಸ್ತವ್ಯಸ್ತ ಇಂದು ನಿಮ್ಮ ಪಾಲಿಗೆ ಬರುತ್ತದೆ. ‘ಇಂಟರ್‌ಫೇಸ್’ ಅಡಿಯ ‘ವಿಂಡೋ ಮ್ಯಾನೇಜ್‌ಮೆಂಟ್’ ತೆರೆದು, ‘ಸೇವ್ ವಿಂಡೋ ಪೊಸಿಷನ್ಸ್ ಆನ್ ಎಕ್ಸಿಟ್’ ಎದುರಿನ ಟಿಕ್ ತೆಗೆಯಿರಿ. ನಂತರ ನಿಮಗೊಪ್ಪುವ ಜೋಡಣೆ ಮಾಡಿಕೊಂಡು ‘ಸೇವ್ ವಿಂಡೋ ಪೊಸಿಷನ್ಸ್ ನೌ’ ಗುಂಡಿ ಒತ್ತಿ. ಇನ್ನು ಯಾರು ಏನೇ ಎಳೆದಾಡಿದರೂ ಮುಂದಿನ ಬಾರಿ ತೆರೆದಾಗ ಅದೇ ಜೋಡಣೆ ಬರುತ್ತದೆ. ಎಲ್ಲವೂ ಕೈಮೀರಿದೆ ಎನ್ನಿಸಿದರೆ ಅಲ್ಲಿಯೇ ಇರುವ ‘ರೀಸೆಟ್ ಸೇವ್ಡ್ ವಿಂಡೋ ಪೊಸಿಷನ್ಸ್ ಟು ಡೀಫಾಲ್ಟ್ ವ್ಯಾಲ್ಯೂಸ್’ ಗುಂಡಿ ಒತ್ತಿ, ಜಿಂಪ್ ಮುಚ್ಚಿ ಮತ್ತೆ ತೆರೆಯಿರಿ. ಬೂದು ಹಿನ್ನೆಲೆ ಇದರಿಂದ ಅಳಿಯುವುದಿಲ್ಲ.