ನೆಗ್ಗಿದ ಲಾರಿ ಬಾಗಿಲು: ಪುಟ್ಟಿಗೆ ಮೊದಲು ಸುತ್ತಿಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳದಾರಿಗಳಲ್ಲಿ ಓಡುವ ಹಳೇ ಟಾಟಾ 407 ಲಾರಿಗಳನ್ನು ನೋಡಿ. ಎಡಬದಿಯ ಬಾಗಿಲು ನೆಗ್ಗದೆ ಉಳಿದದ್ದು ಅಪರೂಪ. ದಾರಿಯ ಒಂದು ಕಡೆ ದರೆ, ಇನ್ನೊಂದು ಕಡೆ ತೋಟದ ಮುರಕಲ್ಲಿನ ಗೋಡೆ. ಎದುರಿನಿಂದ ಶಾಲೆಯ ಬಸ್ಸು ಬಂತೆಂದರೆ ಲಾರಿ ಪಕ್ಕಕ್ಕೆ ಸರಿಯಲೇಬೇಕು. ಕಲ್ಲು ಹೇರಿಕೊಂಡು ಬರುವಾಗ ಗೋಡೆಗೆ ತಾಗಿದರಂತೂ ಕೇಳುವುದೇ ಬೇಡ.

ನಮ್ಮ ಮನೆಯ 407ಕ್ಕೂ ಹಾಗೇ ಆಯಿತು. 8 ವರ್ಷ ದಾಟಿದ ಸರಕು ವಾಹನಕ್ಕೆ ವರ್ಷವರ್ಷವೂ ಫಿಟ್‌ನೆಸ್ ಪರೀಕ್ಷೆ ಇರುತ್ತದಲ್ವಾ, ಅದರ ದಿನ ಹತ್ತಿರ ಬಂದಿತ್ತು. ಒಂದು ವರ್ಕ್‌ಶಾಪಿನವರು ಒಂದೇ ದಿನದಲ್ಲಿ ತಗ್ಗಿಗೆ ಪುಟ್ಟಿ, ಅಂದರೆ ಹಚ್ಚಿದ ಮೇಲೆ ಗಟ್ಟಿಯಾಗುವ ಲೇಪ, ತುಂಬಿ ಬಣ್ಣ ಹೊಡೆದು ಕೊಟ್ಟರು. ನೋಡಲು ಚೆಂದವೇ ಇತ್ತು. ಮಳೆಗಾಲ ಕಳೆದು ದೀಪಾವಳಿ ಬರುವ ಹೊತ್ತಿಗೆ ಬಾಗಿಲಿನ ಕೆಳಭಾಗದಲ್ಲಿ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಮೀಟಿದೆ. ಅಂಗೈಯಗಲದ ಪುಟ್ಟಿ ಹಪ್ಪಳದ ಹಾಗೆ ಕಳಚಿ ಕೈಗೆ ಬಂತು. ಅದರ ಹಿಂದೆ ಕಂದು ಹುಡಿ. ಬೆರಳು ಒತ್ತಿದರೆ ತಗಡು ತೂತಾಯಿತು.

ಆಮೇಲೆ ವಾಹನಗಳ ತಗಡು ಸರಿಮಾಡುವ ಹಳೆಯ ಟಿಂಕರ್ ಒಬ್ಬರ ಜೊತೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೆಗ್ಗಿದ್ದು ತಗಡು. ಹಾಗಾಗಿ ಸರಿಯಾಗಬೇಕಾದದ್ದೂ ತಗಡೇ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಿ ಬರೀ ಪುಟ್ಟಿ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯಷ್ಟರಲ್ಲಿ ಬಣ್ಣ ಒಣಗಿ ಗಟ್ಟಿಯಾಗಿರಬೇಕು. ಇನ್ನೊಂದು ಮಾತು. ಮಡ್‌ಗಾರ್ಡ್, ಬಾಗಿಲು, ಬಾನೆಟ್ ಮನೆಯಲ್ಲಿ ಮಾಡಬಹುದು. ಚಾಸಿಸ್ (ಲಾರಿಯ ಅಡಿಯ ಚೌಕಟ್ಟು) ಅಥವಾ ಬಾಗಿಲಿನ ಕೀಲು ಕೂರುವ ಕಂಬ ಬಾಗಿದ್ದರೆ ಕೈಹಾಕಬೇಡಿ. ಅದು ಜೀವದ ಪ್ರಶ್ನೆ.

ಮೊದಲು ಬ್ಯಾಟರಿಯ ವಯರ್ ಕಳಚಿ. ಬಾಗಿಲಿನ ಒಳಗಿನ ಹಲಗೆ ಬಿಚ್ಚಿ. ಟಾರ್ಚ್ ಹಿಡಿದು ತಳ ನೋಡಿ. ಕಲ್ಲಿನ ಕೋರೆಯ ಕೆಂಪು ಹುಡಿ ನೀರು ಕುಡಿದು ಕೆಸರಾಗಿ, ಒಣಗಿ, ಮತ್ತೆ ಒದ್ದೆಯಾಗಿ ಅಲ್ಲೇ ಕೂತಿರುತ್ತದೆ. ನೀರು ಇಳಿಯಲೆಂದು ತಳದಲ್ಲಿ ಬಿಟ್ಟ ಸಣ್ಣ ತೂತುಗಳನ್ನೂ ಅದೇ ಮುಚ್ಚಿರುತ್ತದೆ. ತುಕ್ಕು ಹುಟ್ಟುವುದು ಇಲ್ಲಿಂದ. ಎಲ್ಲವನ್ನೂ ಕೆರೆದು, ತೊಳೆದು, ಬಿಸಿಲಿಗೆ ಒಣಗಿಸಿ. ಸುಮ್ನೆ ಸ್ವಚ್ಛತೆಗಾಗಿ ಹೇಳುತ್ತಿಲ್ಲ. ತಗಡಿನ ಹಿಂದೆ ಒಂದು ಮಣ್ಣಿನ ಹೆಂಟೆ ಉಳಿದರೂ ಸುತ್ತಿಗೆ ಬಿದ್ದಾಗ ಹೊರಗೆ ಅದರದೇ ಉಬ್ಬು ಏಳುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ನುಣುಪು ಮುಖದ ಟಿಂಕರಿಂಗ್ ಸುತ್ತಿಗೆ, ಒಂದು ಮರದ ಸುತ್ತಿಗೆ, ಹಿಂದಿನಿಂದ ಒತ್ತಿ ಹಿಡಿಯಲು ಕೈಹಿಡಿಯಷ್ಟು ದೊಡ್ಡ ಕಬ್ಬಿಣದ ಗಟ್ಟಿ. ಇದಕ್ಕೆ ಡಾಲಿ ಅನ್ನುತ್ತಾರೆ. ಮೊಳೆ ಹೊಡೆಯುವ ಸುತ್ತಿಗೆ ಬೇಡ. ಅದರ ಅಂಚು ತಗಡಿಗೆ ಕಚ್ಚು ಹಾಕುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಈಗ ನೆಗ್ಗನ್ನು ಓದಬೇಕು. ಹೌದು, ಓದಬೇಕು. ನೆಗ್ಗು ಅಂದರೆ ಬರೀ ತಗ್ಗಲ್ಲ. ತಗ್ಗಿನ ಸುತ್ತ ಒಂದು ಏರು ಎದ್ದಿರುತ್ತದೆ. ತಗಡಿಗೆ ಹೊಡೆತ ಮೊದಲು ಬಿದ್ದದ್ದು ನಡುವಿನ ಆಳದಲ್ಲಿ, ಸುತ್ತಲಿನ ಏರು ಎದ್ದದ್ದು ಕೊನೆಗೆ. ಕೊನೆಗೆ ಆದದ್ದನ್ನು ಮೊದಲು ಬಿಡಿಸಬೇಕು. ಬೈರಾಸನ್ನು ಅಂಗೈಯಡಿ ಇಟ್ಟು ನಿಧಾನವಾಗಿ ಸವರಿ. ಬಟ್ಟೆ ಜಾರುವುದರಿಂದ ಕಣ್ಣಿಗೆ ಕಾಣದ ಉಬ್ಬು ಕೂಡ ಅಂಗೈಗೆ ಗೊತ್ತಾಗುತ್ತದೆ. ಏರು ಇದ್ದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ.

ಎಲ್ಲರೂ ಮಾಡುವ ತಪ್ಪು ಒಂದೇ. ಒಳಗಿನಿಂದ ಆಳದ ನಡುವಿಗೇ ಪಟಾರನೆ ಹೊಡೆಯುವುದು. ತಗ್ಗು ಹೊರಗೆ ಬರುತ್ತದೆ ನಿಜ, ಆದರೆ ತಗಡು ಹಿಗ್ಗಿ ಹೋಗಿರುತ್ತದೆ. ಹಾಗಲ್ಲ. ತಗ್ಗಿನ ಹಿಂದೆ ಡಾಲಿ ಇಟ್ಟು ಹೊರಕ್ಕೆ ಒತ್ತಿ ಹಿಡಿಯಿರಿ. ಹೊರಗಿನಿಂದ ಪಕ್ಕದ ಏರಿನ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ. ಏರು ತಗ್ಗುತ್ತಾ ಹೋದ ಹಾಗೆ ಡಾಲಿಯ ಒತ್ತಡಕ್ಕೆ ತಗ್ಗು ಏಳುತ್ತಾ ಬರುತ್ತದೆ. ಅಂಚಿನಿಂದ ನಡುವಿಗೆ ಸುತ್ತು ಬನ್ನಿ. ಹತ್ತಾರು ಸಣ್ಣ ಪೆಟ್ಟು ಮಾಡುವ ಕೆಲಸವನ್ನು ಒಂದು ದೊಡ್ಡ ಪೆಟ್ಟು ಮಾಡುವುದಿಲ್ಲ.

ಶಬ್ದ ಕೇಳಿಸಿಕೊಳ್ಳಿ. ಸುತ್ತಿಗೆ ಬೀಳುವ ಜಾಗದ ಹಿಂದೆ ಡಾಲಿ ಇಲ್ಲದೆ ಅದರ ಪಕ್ಕದಲ್ಲಿ ಇದ್ದಾಗ 'ಡಬ್ ಡಬ್' ಅನ್ನುತ್ತದೆ. ಎರಡೂ ಎದುರುಬದುರು ಕೂತಾಗ 'ಟಣ್' ಅನ್ನುತ್ತದೆ. ಮೇಲ್ಮೈ ಬಹುತೇಕ ಸಮವಾದ ಮೇಲೆ ಮಾತ್ರ ಟಣ್ ಪೆಟ್ಟು, ಅದೂ ಸ್ವಲ್ಪವೇ. ಯಾಕೆಂದರೆ ಎರಡು ಕಬ್ಬಿಣದ ನಡುವೆ ಸಿಕ್ಕಿದ ತಗಡು ಲಟ್ಟಿಸಿದ ಹಿಟ್ಟಿನ ಹಾಗೆ ತೆಳುವಾಗಿ ಅಗಲವಾಗುತ್ತದೆ. ಅಗಲವಾದ ತಗಡಿಗೆ ಹೋಗಲು ಜಾಗವಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ 'ಟಪ್' ಎಂದು ಒಳಗೆ, ಬಿಟ್ಟರೆ 'ಟಪ್' ಎಂದು ಹೊರಗೆ. ಎಣ್ಣೆ ಡಬ್ಬದ ತಳದ ಹಾಗೆ.

ಹಾಗೆ ಟಪ್ ಅನ್ನುವ ತಗಡನ್ನು ಎಷ್ಟು ಹೊಡೆದರೂ ಸರಿಯಾಗದು. ಅದನ್ನು ಕುಗ್ಗಿಸಬೇಕು. ಹೆಬ್ಬೆರಳ ಉಗುರಿನಷ್ಟು ಜಾಗವನ್ನು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ, ಹಿಂದೆ ಡಾಲಿ ಕೊಟ್ಟು ಸುತ್ತಲೂ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾರೆ. ಕಾದ ಜಾಗ ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ. ಹಾಗಾಗಿ ಅದು ಅಲ್ಲೇ ದಪ್ಪವಾಗುತ್ತದೆ. ಆರುವಾಗ ಸುತ್ತಲಿನದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾದ ಗಳಿಗೆ ಇದು. ಸೊಸ್ ಎಂದು ಆವಿ ಏಳುತ್ತದೆ, ಸಡಿಲವಿದ್ದ ತಗಡು ಡೋಲಿನ ಚರ್ಮದ ಹಾಗೆ ಬಿಗಿಯುತ್ತದೆ. ಆದರೆ ಇದನ್ನು ಪಳಗಿದ ಕೈಗೇ ಬಿಡಿ. ಡೀಸೆಲ್ ಟ್ಯಾಂಕ್, ವಯರ್, ಸೀಟಿನ ಸ್ಪಂಜು ಎಲ್ಲ ಹತ್ತಿರವೇ ಇರುತ್ತವೆ.

ತುಕ್ಕು ಹಿಡಿದ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಳಗೆ ಹೋಯಿತೆಂದರೆ ಅಷ್ಟನ್ನು ಕತ್ತರಿಸಿ ಅದೇ ದಪ್ಪದ ತಗಡು ವೆಲ್ಡ್ ಮಾಡಿಸಿ. ಉದ್ದಕ್ಕೆ ಒಂದೇ ಸಲ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇಡಲು ಹೇಳಿ. ಇಲ್ಲದಿದ್ದರೆ ಬಿಸಿಗೆ ಬಾಗಿಲೇ ಸೊಟ್ಟಗಾಗುತ್ತದೆ.

ಈಗ ಪುಟ್ಟಿಗೆ ಬರೋಣ. 80 ನಂಬರಿನ ಎಮರಿ ಪೇಪರಿನಿಂದ ತಗಡು ಹೊಳೆಯುವಷ್ಟು ಉಜ್ಜಿ, ಥಿನ್ನರ್ ಬಟ್ಟೆಯಿಂದ ಒರೆಸಿ. 100 ಗ್ರಾಂ ಪುಟ್ಟಿಗೆ ಅದನ್ನು ಗಟ್ಟಿಮಾಡುವ ಹಾರ್ಡ್ನರ್ ಸುಮಾರು 2 ಗ್ರಾಂ ಸಾಕು. ಹೆಚ್ಚು ಹಾಕಿದರೆ ಕಲೆ ಬಣ್ಣದ ಮೇಲಕ್ಕೂ ಬರುತ್ತದೆ. ನಮ್ಮ ಬಿಸಿಲಿಗೆ ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ನಿಂಬೆಹಣ್ಣಿನಷ್ಟೇ ಕಲಸಿ. ದಪ್ಪ 2 ಮಿ.ಮೀ. ದಾಟಬಾರದು. ದಾಟುತ್ತದೆ ಅನ್ನಿಸಿದರೆ ಮತ್ತೆ ಸುತ್ತಿಗೆ ಹಿಡಿಯಿರಿ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಿನಿಂದ ಉಜ್ಜಿದರೆ ಬೆರಳಿನ ಗುಳಿ ಬೀಳುತ್ತದೆ.

ಉಜ್ಜಿದ ಪುಟ್ಟಿ ನೀರು ಹೀರುತ್ತದೆ. ರಾತ್ರಿಯ ಮಂಜಿಗೆ ಬಿಡಬೇಡಿ. ಅದೇ ದಿನ ಪ್ರೈಮರ್, ಅಂದರೆ ಬಣ್ಣದ ಅಡಿಯ ಲೇಪ, ಹೊಡೆಯಿರಿ. ಬಣ್ಣಕ್ಕೆ ಬೆಳಗಿನ ಪಸೆ ಆರಿದ ಮೇಲಿನ ಹೊತ್ತು ಒಳ್ಳೆಯದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೇಗ ಆರುವ ಬಣ್ಣ ಬಿಳಿಚಿಕೊಳ್ಳುತ್ತದೆ. ಹಾರ್ಡ್ನರ್ ಬೆರೆಸುವ ಬಣ್ಣ ಸ್ಪ್ರೇ ಮಾಡುವಾಗ ಬಟ್ಟೆಯ ಮಾಸ್ಕ್ ಸಾಲದು. ಅದನ್ನು ಆ ಕೆಲಸಕ್ಕೆಂದೇ ಇರುವ ಮಾಸ್ಕ್ ಬಳಸುವ ಪೇಂಟರಿಗೇ ಕೊಡಿ.

ಹೊರಗಷ್ಟೇ ಅಲ್ಲ, ಬಾಗಿಲಿನ ಒಳಮೈಗೂ ಪ್ರೈಮರ್, ಬಣ್ಣ ಕೊಡಿ. ಅದು ಆರಿದ ಮೇಲೆ ತಳದ ತೂತುಗಳಿಗೆ ತಂತಿ ತೂರಿಸಿ. ಗಾಜು ಇಳಿಯುವ ಸಂದಿಯಿಂದ ಒಂದು ಚೆಂಬು ನೀರು ಹೊಯ್ದು ಕೆಳಗೆ ಬಗ್ಗಿ ನೋಡಿ. ಹೊಯ್ದ ನೀರೆಲ್ಲ ಸರಾಗವಾಗಿ ಹೊರಗೆ ಬಂದ ಮೇಲೆ ಒಳಗಿನ ಹಲಗೆ ಕೂರಿಸಿ ಸ್ಕ್ರೂ ಬಿಗಿಯಿರಿ.