ಹೊಸ ಆಂಪ್ ತರೂಕಿಂತ ಮೊದ್ಲ ಪ್ಲೇಯರ್ ಸೆಟ್ಟಿಂಗ್ ಸರಿ ಮಾಡ್ಕೋರಿ

ಮನ್ಯಾಗ ಒಳ್ಳೆ ಆಂಪು (ಆಂಪ್ಲಿಫೈಯರ್), ಸ್ಪೀಕರು, ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನ ಆಂಪಿಗೆ ಬೇಕಾದ ಸಿಗ್ನಲ್ ಮಾಡೂ ಡಬ್ಬಿ) ಇಟ್ಕೊಂಡು ಲ್ಯಾಪ್‌ಟಾಪ್‌ನಿಂದ ಹಾಡ್ ಹಚ್ಚೋರಿಗೆ ಇದು. ಸೌಂಡ್ ಸಪ್ಪಗ ಅನಿಸಿದ್ರ ರೊಕ್ಕ ಖರ್ಚ್ ಮಾಡಬ್ಯಾಡ್ರಿ, ಒಂದ್ ರವಿವಾರ ಮುಂಜಾನೆ ಕುಂತು ಪ್ಲೇಯರ್ ಸರಿ ಮಾಡ್ರಿ. ನಾ ಬಳಸೂದು ವಿಂಡೋಸ್‌ದಾಗ ಫೂಬಾರ್2000 ಅನ್ನೂ ಪ್ಲೇಯರ್ ಸಾಫ್ಟ್‌ವೇರ್, ಪುಕ್ಕಟ ಐತಿ, 2002ರಿಂದ ನಡದೈತಿ.

ಮೊದಲ್ನೇದು ಔಟ್‌ಪುಟ್. ಸಿಡಿಯಿಂದ ತಗದ ಫ್ಲ್ಯಾಕ್ (ಗುಣಮಟ್ಟ ಕಡಿಮಿ ಆಗದಂಗ ಸಣ್ಣ ಮಾಡಿದ) ಫೈಲಿನ ರೇಟ್ 44.1 ಕಿಲೋಹರ್ಟ್ಜ್, ಅಂದ್ರ ಸೆಕೆಂಡಿಗೆ 44,100 ಸಲ ಸೌಂಡ್ ಅಳದದ್ದು ಇರ್ತೈತಿ, ಆದ್ರ ವಿಂಡೋಸ್ ಅದನ್ನ ಹಂಗ ಬಿಡೂದಿಲ್ಲ, ಬ್ರೌಸರ್ ಸೌಂಡು ನೋಟಿಫಿಕೇಶನ್ ಟಿಣ್ ಅನ್ನೂದು ಎಲ್ಲಾ ಅದರ ಜೊತಿ ಕಲಸಿ, ಸೌಂಡ್ ಸೆಟ್ಟಿಂಗ್‌ದಾಗ ಇದ್ದ ರೇಟಿಗೆ, ಬಾಳ ಸಲ 48ಕ್ಕ, ತಿರುವಿ ಡ್ಯಾಕಿಗೆ ಕಳಸ್ತೈತಿ. ಅದಕ್ಕ ಪ್ರಿಫರೆನ್ಸಸ್, ಪ್ಲೇಬ್ಯಾಕ್, ಔಟ್‌ಪುಟ್‌ಗೆ ಹೋಗಿ ನಿಮ್ಮ ಡ್ಯಾಕ್ ಹೆಸರಿನ ಮುಂದ ಎಕ್ಸ್‌ಕ್ಲೂಸಿವ್ ಅಂತ ಇದ್ದದ್ದನ್ನ ಆರಿಸ್ರಿ, 24 ಬಿಟ್ ಇಡ್ರಿ. ಡ್ಯಾಕ್ ಮ್ಯಾಲ ರೇಟ್ ತೋರಸೂ ಲೈಟ್ ಇದ್ರ 44.1 ಬರಬೇಕು. ಹಾಡ್ ನಡದಾಗ ಬ್ರೌಸರ್ ಸೌಂಡ್ ಬರೂದಿಲ್ಲ, ಗಾಬರಿ ಆಗಬ್ಯಾಡ್ರಿ, ಅದು ಸರಿ ಆಗೇತಿ ಅಂತನ ಅರ್ಥ.

ಎರಡ್ನೇದು ರಿಪ್ಲೇಗೇನ್, ಅಂದ್ರ ಬ್ಯಾರೆ ಬ್ಯಾರೆ ರೆಕಾರ್ಡಿಂಗಿನ ಸೌಂಡ್ ಒಂದ ಮಟ್ಟಕ್ಕ ತರೂದು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ, ಸುಳೇಭಾವಿಯ ಕುಮಾರ ಗಂಧರ್ವ, ಇವರ ಹಳೇ ರೆಕಾರ್ಡಿಂಗ್ ಮೆಲ್ಲಗ ಇರ್ತಾವ, ಅದರ ಹಿಂದ ಈಗಿನ ಸಿನಿಮಾ ಹಾಡ್ ಬಂತಂದ್ರ ಕಿವಿ ಒಡದಂಗ ಆಗಿ ವಾಲ್ಯೂಮಿಗೆ ಓಡಬೇಕಾಗ್ತೈತಿ. ಎಲ್ಲಾ ಹಾಡ್ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡ್ರಿ, ಅಲ್ಲಿ ರಿಪ್ಲೇಗೇನ್ ಸ್ಕ್ಯಾನ್ ಸಿಗ್ತೈತಿ. ಹಾಡಿನ ಡೇಟಾ ಬದಲಾಗೂದಿಲ್ಲ, ಎಷ್ಟ್ ಏರಿಳಸಬೇಕಂತ ಫೈಲಿನ ಟ್ಯಾಗ್‌ದಾಗ (ಮಾಹಿತಿ ಚೀಟಿ) ಅಷ್ಟ ಬರಿತೈತಿ. ಆಮ್ಯಾಗ ಪ್ಲೇಬ್ಯಾಕ್ ಸೆಟ್ಟಿಂಗ್‌ದಾಗ ಆಲ್ಬಂ ಗೇನ್ ಇಡ್ರಿ, ಟ್ರ್ಯಾಕ್ ಗೇನ್ ಇಟ್ರ ಆಲ್ಬಮ್ಮಿನ ಒಳಗ ಮೆಲ್ಲಕ ಹಾಡಿದ್ದು ಜೋರ್ ಹಾಡಿದ್ದು ಎಲ್ಲಾ ಒಂದ ಮಟ್ಟಕ್ಕ ಬಂದ್ಬಿಡ್ತೈತಿ. ವಿಲಂಬಿತ (ನಿಧಾನ ಲಯ) ಮುಗದು ದ್ರುತ್ (ಜೋರ್ ಲಯ) ಶುರು ಆಗೂ ಕಡೆ ಟ್ರ್ಯಾಕ್ ಬ್ಯಾರೆ ಮಾಡಿರ್ತಾರಲ್ಲ, ಅಲ್ಲಿ ಒಮ್ಮೆಲೆ ತಂಬೂರಿ ದಪ್ಪ ಸಣ್ಣ ಆದ್ರ ರಾಗದ ಗುಂಗ ಹೋಗ್ತೈತಿ. ಫೂಬಾರ್ ಎರಡ್ ಟ್ರ್ಯಾಕ್ ನಡುವ ಗ್ಯಾಪ್ ಬಿಡೂದಿಲ್ಲ, ನನಗ ಅದು ಸೇರಲಿಕ್ಕೆ ಇದ ದೊಡ್ಡ ಕಾರಣ.

ಕಡೀಕ ಖೋಲಿ, ಖರೇ ಕೆಲಸ ಇಲ್ಲೇ ಐತಿ. ವಿಜಾಪುರದ ಗೋಲಗುಮ್ಮಟದಾಗ ಒಂದ್ ಚಪ್ಪಾಳೆ ಹೊಡದ್ರ ಎಷ್ಟ್ ಸಲ ತಿರಗಿ ಬರ್ತೈತಿ ಗೊತ್ತೈತಲ್ಲ, ಫರ್ಶಿ ನೆಲ, ಸಿಮೆಂಟ್ ಗ್ವಾಡಿ, ಆರ್‌ಸಿಸಿ ಸೂರು ಇದ್ದ ನಮ್ಮ ಖೋಲ್ಯಾಗೂ ಸಣ್ಣ ಪ್ರಮಾಣದಾಗ ಅದ ಆಗ್ತೈತಿ. ಹಿಂಗ ತಿರಗಿ ಬರೂ ತೀಕ್ಷ್ಣ (ಟ್ರೆಬಲ್) ಸೌಂಡಿಗೆ ಜಮಖಾನ, ದಪ್ಪ ಪರದೆ ಹಾಕ್ರಿ, ಸಾಫ್ಟ್‌ವೇರ್ ಅಲ್ಲಿ ಕೆಲಸ ಮಾಡೂದಿಲ್ಲ. ಬಾಸ್ (ದಪ್ಪ ಸೌಂಡ್) ಗುಂಯ್ ಅನ್ನೂದಕ್ಕ ಸಾಫ್ಟ್‌ವೇರ್ ಕೆಲಸ ಮಾಡ್ತೈತಿ. ಎದುರು ಬದುರು ಗ್ವಾಡಿ ನಡುವ 10 ಅಡಿ ಇದ್ರ ಸುಮಾರ್ 56 ಹರ್ಟ್ಜ್‌ದಾಗ ಗುಂಯ್ ಅಂತೈತಿ, 12 ಅಡಿ ಇದ್ರ 47ರ ಹತ್ರ. ಸೂರಿನ ಎತ್ತರಾನೂ 10 ಅಡಿ ಇದ್ರ ಎರಡೂ ಕೂಡಿ ಇನ್ನೂ ಜೋರಾಗ್ತೈತಿ. ಮೊದ್ಲ ಸ್ಪೀಕರ್ ಮೂಲಿಯಿಂದ ಮುಂದ ಎಳೀರಿ, ಆಮ್ಯಾಲ ಪ್ಲೇಯರಿನ ಡಿಎಸ್‌ಪಿ ಮ್ಯಾನೇಜರ್‌ದಾಗ (ಸೌಂಡ್ ತಿದ್ದೂ ಸೆಟ್ಟಿಂಗ್) ಈಕ್ವಲೈಜರ್ ಸೇರಿಸಿ 55 ಹರ್ಟ್ಜ್‌ನ ಪಟ್ಟಿ 3-4 ಡಿಬಿ (ಡೆಸಿಬಲ್) ಇಳಸ್ರಿ, ತಬಲಾದ ಡಗ್ಗಾ ಬಿಗಿ ಕೇಳೂ ತನಕ ಒಂದೊಂದ ಡಿಬಿ ಇಳಸ್ತಾ ಹೋಗ್ರಿ. ಏರಿಸಬ್ಯಾಡ್ರಿ, ಬಾಸ್ ಕಡಿಮಿ ಇದ್ದ ಕಡೆ ಏರಿಸಿದ್ರ ಆಂಪ್ ಮ್ಯಾಲ ಭಾರ ಬೀಳ್ತೈತಿ, ಸೌಂಡ್ ಒಡಿತೈತಿ.