ಜೋಳದ ದಂಟಿನ ಕಟ್ಟು, ದಶಕದ ಲೆಕ್ಕ: ನನ್ನ ಅನುಭವ

ಮೂರನೇ ತರಗತಿಗೆ ದಶಕ ಸಹಿತ, ಅಂದ್ರೆ ಹತ್ತರ ಸ್ಥಾನದಿಂದ ಒಂದು ತಗೊಂಡು, ಕಳೆಯುವ ಲೆಕ್ಕ ಕಲಿಸಿದವರಿಗೆ ಗೊತ್ತೇ ಇರುತ್ತೆ. 52ರಲ್ಲಿ 27 ಕಳೆ ಅಂದ್ರೆ ಅರ್ಧ ಕ್ಲಾಸು 35 ಅಂತ ಬರೆದು ತಂದು ನಿಲ್ಲುತ್ತದೆ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು. ಮುಗೀತು. ನಮ್ಮದು ಲಿಂಗಸೂಗೂರು ಕಡೆಯ ಒಂದು ಸಣ್ಣ ಊರಿನ ಶಾಲೆ. ನಾನೂ ಎಲ್ಲರ ಹಾಗೆ "ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂತಲೇ ಹೇಳಿಕೊಡ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು "ಸರ್, ಸಾಲ ತಗೊಂಡ್ರ ತಿರುಗಿ ಯಾವಾಗ ಕೊಡಬೇಕ್ರಿ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಾಲದ ಬದಲು ಹತ್ತರ ಗುಂಪನ್ನೇ ಕಣ್ಣಿಗೆ ತೋರಿಸೋಣ ಅಂತ ಮೊದಲ ವರ್ಷ ಹುಣಸೆ ಬೀಜ ತಂದೆ. ಒಂದು ಬೆಂಕಿಪೆಟ್ಟಿಗೆಗೆ ಹತ್ತು ಬೀಜ. ಬೀಜ ಪುಕ್ಕಟೆ, ಆದ್ರೆ ಬೆಂಕಿಪೆಟ್ಟಿಗೆಗೆ ಇನ್ನೂರು ರೂಪಾಯಿ ಹತ್ತಿರ ಹೋಯ್ತು, ಕಡ್ಡಿಗಳನ್ನೆಲ್ಲ ಬಿಸಿಯೂಟದ ಅಡುಗೆಯವರಿಗೆ ಕೊಟ್ಟೆ. ಪೆಟ್ಟಿಗೆ ಮುಚ್ಚಿದ ಮೇಲೆ ಒಳಗಿರೋ ಹತ್ತು ಕಣ್ಣಿಗೆ ಕಾಣಲ್ಲ ಅಲ್ವಾ? ಮಕ್ಕಳಿಗೆ ಅದು ಹತ್ತಲ್ಲ, ಒಂದು ಪೆಟ್ಟಿಗೆ ಅಷ್ಟೇ. ಸಾಲದ್ದಕ್ಕೆ ಒಬ್ಬ ಬೀಜ ಮೂಗಿಗೆ ತೂರಿಸಿಕೊಂಡ. ಬೈಕಿನಲ್ಲಿ ಅವನನ್ನ ಮುಂದೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ಅಲ್ಲಿಗೆ ಬೀಜದ ಕಥೆ ಮುಗೀತು.

ಆಮೇಲೆ ದಂಟು. ಜೋಳದ ದಂಟು ಸೀಳಿ, ಒಳಗಿನ ಬೆಂಡಿನಲ್ಲಿ ಬಂಡಿ ಮಾಡಿ ಆಡೋ ಮಕ್ಕಳಿಗೆ ಅದನ್ನ ಪರಿಚಯ ಮಾಡಿಸಬೇಕಿಲ್ಲ. "ದನಕ್ಕೆ ಹಾಕೋ ಸೊಪ್ಪಿ ಕ್ಲಾಸಿಗೆ ತಂದಿರೇನ್ರಿ?" ಅಂತ ಸಹೋದ್ಯೋಗಿಗಳು ನಕ್ಕರು. ನಕ್ಕಿದ್ದು ಸರಿಯಾಗೇ ಇತ್ತು. ದಪ್ಪ ದಂಟು, ಸಣ್ಣ ದಂಟು ಎಲ್ಲ ಕಲಸಿಹೋಗಿ, ದಪ್ಪದ್ದು ಜಾಸ್ತಿ ಅಂತ ಮಕ್ಕಳು ವಾದಕ್ಕೆ ಇಳಿದರು. ನೂರರ ಕಟ್ಟು ತಬ್ಬಿ ಹಿಡಿಯುವಷ್ಟಾಯ್ತು. ಸಿಬಿರು ಬೇರೆ ಚುಚ್ಚುತ್ತಿತ್ತು.

ದಾರಿ ತೋರಿಸಿದ್ದು ಒಬ್ಬ ವಿದ್ಯಾರ್ಥಿನಿಯ ಅಜ್ಜಿ. ತೆನೆಯ ಕೆಳಗೆ ಗಂಟಿಲ್ಲದ ಸಣ್ಣ ದಂಟು ಇರುತ್ತಲ್ಲ, ಅದನ್ನಷ್ಟೇ ತಗೋರಿ ಅಂದಳು. ಸಣ್ಣದು, ನೆಟ್ಟಗೆ, ಗಟ್ಟಿ. ಹಿಂಗಾರಿ ಜೋಳದ ರಾಶಿ ಆದಾಗ ಎರಡು ಚೀಲ ತುಂಬಿಕೊಂಡು ಬಂದೆ, ಅರ್ಧ ಗೇಣಿನ ಅಳತೆಗೆ ಕುಡುಗೋಲಿನಲ್ಲಿ ಕತ್ತರಿಸಿದೆ. ಒಂದು ಬೆರಳೂ ಕುಯ್ದುಕೊಂಡೆ. ಹುಳ ಬೀಳಬಾರದು ಅಂತ ಮಧ್ಯೆ ಮಧ್ಯೆ ಒಣಗಿದ ಬೇವಿನ ಎಲೆ ಹಾಕಿಟ್ಟೆ.

ಕಟ್ಟೋಕೆ ರಬ್ಬರ್ ಬ್ಯಾಂಡ್ ತಂದಿದ್ದು ದೊಡ್ಡ ದಂಡ. ನಾಲ್ಕುನೂರು ಚಿಲ್ಲರೆ ಕೊಟ್ಟಿದ್ದೆ. ನಮ್ಮ ಬಿಸಿಲು ಗೊತ್ತಲ್ಲ, ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಎಲ್ಲ ಬೆಲ್ಲದ ಪಾಕದಂತೆ ಅಂಟಿ ಕೂತಿದ್ದವು. ಉಳಿದಿದ್ದರಲ್ಲಿ ಹುಡುಗರು ಒಬ್ಬರ ಕಿವಿಗೆ ಒಬ್ಬರು ಹೊಡೆದಾಡಿದರು. ಕೊನೆಗೆ ಪಂಕ್ಚರ್ ಅಂಗಡಿಯಲ್ಲಿ ಬಿಸಾಕೋ ಸೈಕಲ್ ಟ್ಯೂಬ್ ತಂದು ಬಳೆಯಂತೆ ಕತ್ತರಿಸಿದೆ. ಎರಡು ವರ್ಷ ಆಯ್ತು, ಇನ್ನೂ ಗಟ್ಟಿಯಾಗಿವೆ. ಖರ್ಚು ಒಂದು ಚಹಾ.

ಇಷ್ಟಾದ ಮೇಲೂ ಸೋತೆ. ಯಾಕಂದ್ರೆ ರಾತ್ರಿ ಕೂತು ಹತ್ತತ್ತರ ಕಟ್ಟು ಎಲ್ಲ ನಾನೇ ಕಟ್ಟಿ ತರುತ್ತಿದ್ದೆ. ಹೆಂಡತಿ ಸಹ ಕಟ್ಟಿದಳು ಪಾಪ. ಮಕ್ಕಳಿಗೆ ಅದೂ ಬೆಂಕಿಪೆಟ್ಟಿಗೆಯಷ್ಟೇ ಆಯ್ತು. ಮರುವರ್ಷ ಬಿಡಿ ದಂಟುಗಳನ್ನ ನೆಲಕ್ಕೆ ಸುರಿದು, ನೀವೇ ಕಟ್ಟಿ ಅಂದೆ. ಹತ್ತು ದಿನ ಬರೀ ಕಟ್ಟೋದೇ. ಪಾಠ ಹಿಂದೆ ಬಿತ್ತು ಅಂತ ಮೇಲಿನವರ ಹತ್ತಿರ ಮಾತೂ ಕೇಳಿದೆ. ಒಬ್ಬಳು ಒಂಬತ್ತಕ್ಕೇ ಕಟ್ಟಿಬಿಟ್ಟಿದ್ದಳು. ಪಕ್ಕದವಳು ಆ ಕಟ್ಟನ್ನ ಕೈಯಲ್ಲಿ ಒತ್ತಿ ನೋಡಿ "ಇದು ಸಡಿಲ ಐತಿ, ಒಂದು ಕಡಿಮಿ ಐತಿ" ಅಂದಳು. ಎಣಿಸದೇ ಹೇಳಿದಳು! ಆವತ್ತೇ ನನಗೆ ಧೈರ್ಯ ಬಂತು.

ಆಮೇಲೆ 52ರಲ್ಲಿ 27. ಐದು ಕಟ್ಟು, ಎರಡು ಬಿಡಿ. ಏಳು ಕೊಡು ಅಂದೆ. ಹುಡುಗಿ ಎರಡು ಬಿಡಿ ಹಿಡಿದುಕೊಂಡು ಸುಮ್ನೆ ಕೂತಳು. ನಾನೂ ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಟ್ಟಿನ ಟ್ಯೂಬ್ ಜಾರಿಸಿ ಬಿಚ್ಚಿ ಹನ್ನೆರಡು ಮಾಡಿಕೊಂಡಳು. ಅಂದಿನಿಂದ ನಮ್ಮಲ್ಲಿ ಸಾಲ ಅನ್ನೋ ಮಾತೇ ಇಲ್ಲ. "ಬಿಚ್ಚು" ಅಷ್ಟೇ. ಇದ್ದಿದ್ದು 28 ಮಕ್ಕಳು. ಮೊದಲು ಏಳೆಂಟು ಜನಕ್ಕೆ ಬರುತ್ತಿತ್ತು, ಡಿಸೆಂಬರ್ ಹೊತ್ತಿಗೆ ಇಪ್ಪತ್ತೆರಡು ಜನಕ್ಕೆ ಬಂತು. ನಕ್ಕವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ದಂಟು ಕೇಳ್ತಾರೆ. 304ರಲ್ಲಿ 128 ಕಳೆಯುವಾಗ ಮಧ್ಯದ ಸೊನ್ನೆ ಕಾಡುತ್ತಲ್ಲ, ಅದಕ್ಕೊಂದು ಉಪಾಯ ಇಟ್ಟುಕೊಂಡಿದ್ದೇನೆ. ಅದನ್ನ ನೋಡಬೇಕಂದ್ರೆ ನಮ್ಮ ಕ್ಲಾಸಿಗೇ ಬನ್ನಿ.

ಅದೇ ದಂಟಿನಿಂದ ನೆರಳಿನ ಆಟವನ್ನೂ ಮಾಡಿದೆ. ನಮ್ಮ ರಾಯಚೂರು ಭಾಗದಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಗೆ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಮೇ ಮೊದಲ ವಾರ ಒಂದು, ಆಗಸ್ಟ್ ಮೊದಲ ವಾರದ ಹೊತ್ತಿಗೆ ಇನ್ನೊಂದು. ಮೇನಲ್ಲಿ ರಜೆ. ಆಗಸ್ಟ್‌ನಲ್ಲಿ ಅಂಗಳದಲ್ಲಿ ದಂಟು ನೆಟ್ಟು ಕಾದೆವು. ಮಧ್ಯಾಹ್ನ ಹನ್ನೆರಡೂವರೆ ಆಸುಪಾಸಿಗೆ ನೆರಳು ಮಾಯ ಆಗಬೇಕಿತ್ತು, ಮೋಡ ಬಂದು ಸೂರ್ಯನೇ ಮಾಯ ಆದ. ಅಷ್ಟರಲ್ಲಿ ಒಂದು ಎಮ್ಮೆ ಒಳಗೆ ನುಗ್ಗಿ ನೂರರ ಮೂರು ಕಟ್ಟು ತಿಂದುಬಿಟ್ಟಿತ್ತು. ಎಷ್ಟು ಉಳೀತು ಅಂತ ಮಕ್ಕಳೇ ಲೆಕ್ಕ ಹಾಕಿದರು.

ಈ ವರ್ಷದ ಮಕ್ಕಳು ನೂರರ ಹತ್ತು ಕಟ್ಟು ಸೇರಿಸಿ, ಸ್ಕೂಟರ್ ಟ್ಯೂಬ್ ಬಿಗಿದು ಸಾವಿರ ಮಾಡಿದ್ದಾರೆ. ಎತ್ತೋಕೆ ಇಬ್ಬರು ಬೇಕು. ಬೋರ್ಡಿನ ಪಕ್ಕ ನಿಲ್ಲಿಸಿಕೊಂಡಿದ್ದಾರೆ. ಸಾವಿರದಲ್ಲಿ ಒಂದು ಕಳೆಯಿರಿ ಅಂದ್ರೆ, ಅದನ್ನ ಬಿಚ್ಚೋಕೆ ಯಾರೂ ಒಪ್ತಿಲ್ಲ.